ಬೆರಕೆ ಹಿಮಕ್ಕೆ ಎಷ್ಟು ಅಗಲದ ಸ್ಕೀ?

ಕಾಶ್ಮೀರದ ಪೀರ್ ಪಂಜಾಲ್ ಶ್ರೇಣಿಯಲ್ಲಿರುವ ಗುಲ್ಮಾರ್ಗ್‌ನ ಗೊಂಡೊಲ, ಅಂದರೆ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಪೆಟ್ಟಿಗೆಗಳ ಸಾಲು, ಪ್ರವಾಸಿಗರನ್ನು ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲಿನಿಂದ ಮೊದಲ ಹಂತದಲ್ಲಿ ಸುಮಾರು 3,100 ಮೀಟರ್ ಎತ್ತರದ ಕೊಂಗ್‌ಡೂರಿಗೂ, ಎರಡನೆಯ ಹಂತದಲ್ಲಿ ಸುಮಾರು 3,950 ಮೀಟರ್ ಎತ್ತರದ ಅಫರ್ವಾಟ್ ಪರ್ವತದ ಹೆಗಲಿಗೂ ಒಯ್ಯುತ್ತದೆ. ಅಲ್ಲಿ ಸ್ಕೀ ತೊಟ್ಟು ಇಳಿಯತೊಡಗಿದವರು ಗುಲ್ಮಾರ್ಗ್‌ನ ಬಟ್ಟಲಲ್ಲಿ ನಿಲ್ಲದೆ, ದೇವದಾರು ಮತ್ತು ಪೈನ್ ಮರಗಳ ನಡುವೆ ಬಾಬಾ ರೇಶಿಯ ಜಿಯಾರತ್, ಅಂದರೆ ಸೂಫಿ ಸಂತನ ಸಮಾಧಿಯ ಕಡೆಗೋ ತಂಗ್‌ಮಾರ್ಗ್ ಪೇಟೆಯ ಕಡೆಗೋ ಮುಂದುವರಿದರೆ, ಒಂದೇ ಓಟದಲ್ಲಿ ಹೆಚ್ಚುಕಡಿಮೆ 1,700 ಮೀಟರಿನಷ್ಟು ಎತ್ತರವನ್ನು ಕಳೆದುಕೊಳ್ಳುತ್ತಾರೆ. ಈ ಇಳಿತದ ತಲೆಯಲ್ಲಿ ಗಾಳಿ ಬಡಿದು ಗಟ್ಟಿಯಾದ ಹಿಮ, ಅದರ ಕೆಳಗೆ ಮೊಣಕಾಲುಮಟ್ಟದ ಪುಡಿಹಿಮ, ಬಿಸಿಲು ಬೀಳುವ ಮಗ್ಗುಲಲ್ಲಿ ತೆಳು ತೊಗಟೆ ಕಟ್ಟಿದ ಹಿಮ, ಗೊಂಡೊಲದ ತಳದಲ್ಲಿ ನೂರಾರು ಜನ ಉತ್ತುಹಾಕಿದ ಉಂಡೆ ಉಂಡೆ ಹಿಮ, ಕೊನೆಗೆ ಕಾಡಿನ ಬುಡದಲ್ಲಿ ನೀರು ಕುಡಿದು ಭಾರವಾದ ಹಿಮ ಎದುರಾಗುತ್ತವೆ. ಅಗಲ ಸ್ಕೀಯ ಆಯ್ಕೆಯ ಪ್ರಶ್ನೆ ನಿಜವಾಗಿ ಹುಟ್ಟುವುದು ಈ ಬೆರಕೆಯಿಂದಲೇ. ಕ್ಯಾಟಲಾಗುಗಳು ಸ್ಕೀಯನ್ನು ಮಾರುವುದು ಪುಡಿಹಿಮದ ಚಿತ್ರ ತೋರಿಸಿ. ಕೊಳ್ಳುವವರು ಅಳೆಯಬೇಕಾದುದು ಆ ದಿನದ ಓಟದಲ್ಲಿ ದಾಟಲೇಬೇಕಾದ ಅತ್ಯಂತ ಕೆಟ್ಟ ತುಂಡನ್ನು.

ಮುಂಬೈ ಸುತ್ತಲಿನ ಕೋಪರಖೈರಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಮುಂಬೈಯಿಂದ ಶ್ರೀನಗರಕ್ಕೆ ವಿಮಾನದಲ್ಲಿ ಮೂರು ಗಂಟೆಯೊಳಗಿನ ದಾರಿ, ಅಲ್ಲಿಂದ ಗುಲ್ಮಾರ್ಗ್‌ಗೆ ರಸ್ತೆಯಲ್ಲಿ ಸುಮಾರು 50 ಕಿಲೊಮೀಟರ್. ಸಹ್ಯಾದ್ರಿಯ ಕೋಟೆಗಳನ್ನು ವಾರಾಂತ್ಯಗಳಲ್ಲಿ ಹತ್ತಿ ಮುಗಿಸಿದ ಚಾರಣಿಗರು ಚಳಿಗಾಲದ ರಜೆಗೆ ಹಿಮದ ಇಳಿಜಾರನ್ನು ಆರಿಸಿಕೊಳ್ಳುವುದು ಸಹಜ. ಅಲ್ಲದೆ ಗುಲ್ಮಾರ್ಗ್‌ನ ಸ್ಕೀ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಜ್ಜೆಯೂ ಇದೆ. ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದ್ದರು. ಸ್ವಾತಂತ್ರ್ಯಾನಂತರ, 1948ರ ಡಿಸೆಂಬರ್‌ನಲ್ಲಿ, ಕಾಶ್ಮೀರದ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಸೇನೆಯ 19ನೇ ಪದಾತಿ ವಿಭಾಗ ತನ್ನದೇ ಸ್ಕೀ ಶಾಲೆಯನ್ನು ಗುಲ್ಮಾರ್ಗ್‌ನಲ್ಲಿ ತೆರೆಯಿತು. ಆ ವಿಭಾಗದ ದಂಡನಾಯಕರು ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು, ಅದೇ ವರ್ಷದ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದವರು, ಮುಂದೆ ಭೂಸೇನೆಯ ಮುಖ್ಯಸ್ಥರಾದವರು. ಆ ಶಾಲೆಯೇ ಬೆಳೆದು ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಇನ್ನು ಈ ಕಾಲಕ್ಕೆ ಬಂದರೆ, ಕೊಡಗಿನವರೇ ಆದ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದಾರೆ. ಹಿಮ ಬೀಳದ ರಾಜ್ಯವಾದ ಕರ್ನಾಟಕ 2024ರ ಕೂಟದಲ್ಲಿ 9 ಚಿನ್ನದೊಂದಿಗೆ ಸೇನಾ ತಂಡದ ನಂತರದ ಸ್ಥಾನ ಪಡೆಯಿತು. ಭವಾನಿಯವರದು ನಾರ್ಡಿಕ್ ಸ್ಕೀ, ಅಂದರೆ ಹದಗೊಳಿಸಿದ ಜಾಡಿನಲ್ಲಿ ಏರುತ್ತ ಇಳಿಯುತ್ತ ಓಡುವ ಸ್ಪರ್ಧೆ. ಅದರಲ್ಲಿ ಬಳಸುವ ಹಲಗೆಯ ಅಗಲ ಕಾಲಡಿಯಲ್ಲಿ ಸುಮಾರು 44 ಮಿಲಿಮೀಟರ್ ಮಾತ್ರ. ಅದೇ ಗುಲ್ಮಾರ್ಗ್‌ನ ಮೇಲ್ಗಡೆಯ ಇಳಿಜಾರುಗಳಲ್ಲಿ ವಿದೇಶಿ ಸ್ಕೀಗಾರರು 115, 120 ಮಿಲಿಮೀಟರ್ ಅಗಲದ ಹಲಗೆಗಳನ್ನು ಹೆಗಲಿಗೇರಿಸಿ ನಡೆಯುತ್ತಾರೆ.

ಸ್ಕೀಯ ಅಗಲವೆಂದಾಗ ಲೆಕ್ಕಕ್ಕೆ ಬರುವುದು ನಡುವಿನ ಅಗಲ, ಅಂದರೆ ಬೂಟು ಕೂರುವ ಜಾಗದಲ್ಲಿ ಹಲಗೆಯ ಅತಿ ಕಿರಿದಾದ ಅಳತೆ. ಮೂತಿ ಮತ್ತು ಬಾಲಗಳು ಇದಕ್ಕಿಂತ ಅಗಲವಾಗಿರುವುದರಿಂದ ಸ್ಕೀಯ ಮೇಲೆ 132–106–124 ಎಂಬಂಥ ಮೂರು ಅಂಕಿಗಳನ್ನು ಅಚ್ಚುಹಾಕಿರುತ್ತಾರೆ. ನಡುವಿನದೇ ಮುಖ್ಯ ಅಂಕಿ. ಸ್ಲಾಲಂ ಸ್ಪರ್ಧೆಯ ಸ್ಕೀಗಳು 65ರ ಆಸುಪಾಸಿನಲ್ಲಿರುತ್ತವೆ, ಯಂತ್ರದಿಂದ ಹದಗೊಳಿಸಿದ ಇಳಿಜಾರಿಗೆಂದು ಮಾಡಿದವು 80ರ ಒಳಗೆ, ಎಲ್ಲ ಬಗೆಯ ಹಿಮಕ್ಕೂ ಎಂದು ಹೇಳಿ ಮಾರುವಂಥವು 80ರಿಂದ 100ರ ನಡುವೆ, ಹದಗೊಳಿಸದ ಬೆಟ್ಟಕ್ಕೆ ಹೊರಟವು 95ರಿಂದ 110ರವರೆಗೆ, ಪುಡಿಹಿಮಕ್ಕೇ ಮೀಸಲಾದವು ಅದಕ್ಕೂ ಮೇಲೆ. ಈ ಗಡಿಗಳು ತಯಾರಕರಿಂದ ತಯಾರಕರಿಗೆ ಜಾರುತ್ತವೆಯಾದ್ದರಿಂದ ಹೆಸರಿಗಿಂತ ಅಂಕಿಯನ್ನು ನಂಬುವುದು ಲೇಸು.

ಅಗಲ ಏಕೆ ಬೇಕಾಯಿತೆಂಬುದನ್ನು ತಿಳಿಯಲು ಹಿಮದ ಸಾಂದ್ರತೆಯನ್ನು ನೋಡಬೇಕು. ಒಂದು ಘನಮೀಟರ್ ನೀರು 1,000 ಕಿಲೊ ತೂಗಿದರೆ, ಚಳಿಯಲ್ಲಿ ಗಾಳಿಯಿಲ್ಲದೆ ಬಿದ್ದ ಹೊಸ ಹಿಮ 50ರಿಂದ 100 ಕಿಲೊ ಮಾತ್ರ ತೂಗುತ್ತದೆ. ಅಂದರೆ ಅದರ ಹತ್ತರಲ್ಲಿ ಒಂಬತ್ತು ಪಾಲು ಅಥವಾ ಅದಕ್ಕೂ ಹೆಚ್ಚು ಬರೀ ಗಾಳಿ. ಕೆಲವು ದಿನ ಕುಳಿತು ಕುಗ್ಗಿದ ಹಿಮ 200ರಿಂದ 300 ಕಿಲೊಗೆ ಏರುತ್ತದೆ, ಗಾಳಿ ಒಟ್ಟಿದ ಹಿಮ ಇನ್ನೂ ಮೇಲಕ್ಕೆ, ವಸಂತದಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಹರಳುಹಿಮ 400–500ಕ್ಕೆ. ಹೊಸ ಹಿಮದ ಮೇಲೆ ನಿಂತವರು ಮುಳುಗದಿರಬೇಕಾದರೆ ಅವರ ತೂಕ ಹೆಚ್ಚು ಜಾಗಕ್ಕೆ ಹಂಚಿಹೋಗಬೇಕು. ಬೂಟು, ಬಟ್ಟೆ, ಬೆನ್ನುಚೀಲ ಸೇರಿ 85 ಕಿಲೊ ಇರುವವರು 170 ಸೆಂಟಿಮೀಟರ್ ಉದ್ದದ, ಸರಾಸರಿ 8.5 ಸೆಂಟಿಮೀಟರ್ ಅಗಲದ ಜೋಡಿಯ ಮೇಲೆ ನಿಂತಾಗ ಹಿಮದ ಮೇಲೆ ಚದರ ಮೀಟರಿಗೆ ಸುಮಾರು 295 ಕಿಲೊ ಭಾರ ಬೀಳುತ್ತದೆ; ಅವರೇ 180 ಸೆಂಟಿಮೀಟರ್ ಉದ್ದದ, ಸರಾಸರಿ 12.5 ಸೆಂಟಿಮೀಟರ್ ಅಗಲದ ಜೋಡಿಗೆ ಬದಲಾದರೆ ಅದು ಸುಮಾರು 190ಕ್ಕೆ ಇಳಿಯುತ್ತದೆ. ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಇಳಿಕೆಯಿದು. ಆದರೆ ಇದು ನಿಂತಾಗಿನ ಲೆಕ್ಕ. ಓಡುವಾಗ ಹಲಗೆಯ ಎತ್ತಿದ ಮೂತಿ ಹಿಮವನ್ನು ಕೆಳಕ್ಕೆ ಒತ್ತುತ್ತದೆ, ಹಿಮ ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ, ವೇಗ ಹೆಚ್ಚಿದಷ್ಟೂ ಈ ತಳ್ಳು ಹೆಚ್ಚುತ್ತದೆ. ಕರಾವಳಿಯ ಕಂಬಳದಲ್ಲಿ ಅಡ್ಡಹಲಗೆಯ ಮೇಲೆ ನಿಂತ ಓಟಗಾರನನ್ನು ಕೋಣಗಳು ಎಳೆಯುವಾಗ ಹಲಗೆ ಕೆಸರಿನಲ್ಲಿ ಹೂತುಹೋಗದೆ ಮೇಲ್ಮೈಯಲ್ಲಿ ತೇಲಿ ಓಡುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಕೋಣಗಳು ನಿಧಾನಿಸಿದರೆ ಅದೇ ಹಲಗೆ ಕೂರುತ್ತದೆ. ಆದ್ದರಿಂದ ಅಗಲ ಸ್ಕೀಯ ನಿಜವಾದ ಉಪಕಾರ ಸಿಗುವುದು ನಿಧಾನವಾಗಿ ಹೋಗುವವರಿಗೆ, ಕಾಡಿನ ನಡುವೆ ವೇಗ ತೆಗೆಯಲಾಗದವರಿಗೆ. ತೆರೆದ ಇಳಿಜಾರಿನಲ್ಲಿ ವೇಗವಾಗಿ ಹೋಗಬಲ್ಲ ನುರಿತವರು ಕಿರಿದಾದ ಹಲಗೆಯ ಮೇಲೂ ತೇಲುತ್ತಾರೆ, 1980ರ ದಶಕದವರೆಗೆ ಎಲ್ಲರೂ ಹಾಗೆಯೇ ತೇಲುತ್ತಿದ್ದರು.

ಆ ದಶಕದ ಕೊನೆಯಲ್ಲಿ ಆಸ್ಟ್ರಿಯದ ಆಟಾಮಿಕ್ ಕಂಪನಿಯ ರೂಪರ್ಟ್ ಹೂಬರ್ ಒಂದು ಸ್ನೋಬೋರ್ಡನ್ನು ಉದ್ದಕ್ಕೆ ಗರಗಸದಿಂದ ಸೀಳಿ ಎರಡು ಹಲಗೆ ಮಾಡಿದರು. ಅದರಿಂದ ಬಂದುದು ಪೌಡರ್ ಮ್ಯಾಜಿಕ್ ಎಂಬ ಮೊದಲ ದಪ್ಪ ಸ್ಕೀ. ಆರಂಭದಲ್ಲಿ ಇದು ವಯಸ್ಸಾದ ಶ್ರೀಮಂತ ಪ್ರವಾಸಿಗರು ಹೆಲಿಕಾಪ್ಟರಿನಲ್ಲಿ ಬೆಟ್ಟಕ್ಕೆ ಹೋಗಿ ದಣಿಯದೆ ಇಳಿಯಲು ಮಾಡಿದ ಸವಲತ್ತೆಂದು ಗಂಭೀರ ಸ್ಕೀಗಾರರ ನಗೆಗೀಡಾಗಿತ್ತು. ನಗುವನ್ನು ನಿಲ್ಲಿಸಿದವರು ಸ್ಕೀಗಾರ ಶೇನ್ ಮೆಕಾಂಕಿ. ನೀರಿನ ಮೇಲೆ ಓಡುವ ಸ್ಕೀ ಮತ್ತು ಪುಡಿಹಿಮದ ಸ್ಕೀ ಒಂದೇ ತತ್ತ್ವದವೆಂದು ವಾದಿಸಿದ ಅವರ ಕಲ್ಪನೆಯಂತೆ ವೊಲಾಂಟ್ ಕಂಪನಿ 2002ರಲ್ಲಿ ಸ್ಪಾಟ್ಯುಲಾ ಎಂಬ ಸ್ಕೀಯನ್ನು ಮಾರುಕಟ್ಟೆಗೆ ಬಿಟ್ಟಿತು: ನಡುವಿನಲ್ಲಿ 125 ಮಿಲಿಮೀಟರ್, ಮೂತಿಯಲ್ಲಿ 120, ಬಾಲದಲ್ಲಿ 115. ಅಂದರೆ ಅಲ್ಲಿಯವರೆಗಿನ ಸ್ಕೀಗಳಿಗೆ ತೀರಾ ತಿರುವುಮುರುವಾಗಿ ನಡುವೇ ಎಲ್ಲಕ್ಕಿಂತ ಅಗಲ, ಎರಡು ತುದಿಗಳೂ ದೋಣಿಯ ಅಡಿಯ ಹಾಗೆ ಮೇಲಕ್ಕೆ ಬಾಗಿದವು. ಪುಡಿಹಿಮದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಗಟ್ಟಿ ಹಿಮದ ಮೇಲೆ ಅದನ್ನು ತಿರುಗಿಸುವುದೇ ಒಂದು ಸಾಹಸವಾಗಿತ್ತು. ಮೆಕಾಂಕಿ 2009ರ ಮಾರ್ಚ್‌ನಲ್ಲಿ ಇಟಲಿಯ ಡೋಲೊಮೈಟ್ ಪರ್ವತಗಳಲ್ಲಿ ಸ್ಕೀ ಸಹಿತ ಬಂಡೆಯಂಚಿನಿಂದ ಜಿಗಿಯುವ ಸಾಹಸದಲ್ಲಿ ತೀರಿಕೊಂಡರು. ಅವರ ಸ್ಪಾಟ್ಯುಲಾ ಮಾದರಿಯಾಗಿ ಉಳಿಯಲಿಲ್ಲವಾದರೂ ಬಾಗಿದ ತುದಿಯ ತತ್ತ್ವ ಇಂದು ಮಾರಾಟವಾಗುವ ಬಹುಪಾಲು ಸ್ಕೀಗಳ ಒಳಗೆ ಸೇರಿಹೋಗಿದೆ.

ಗುಲ್ಮಾರ್ಗ್ ಈ ಕಥೆಯೊಳಕ್ಕೆ ಬಂದುದು ಸರಿಯಾಗಿ ಅದೇ ಹೊತ್ತಿಗೆ. ಫ್ರಾನ್ಸಿನ ಪೊಮಗಾಲ್ಸ್ಕಿ ಕಂಪನಿ ಕಟ್ಟಿದ ಗೊಂಡೊಲದ ಮೊದಲ ಹಂತ 1998ರಲ್ಲಿ, ಎರಡನೆಯ ಹಂತ 2005ರಲ್ಲಿ ಆರಂಭವಾದವು. ಎರಡನೆಯ ಹಂತ ತೆರೆದ ಮೇಲೆ, ಹದಗೊಳಿಸದ, ಅಷ್ಟೇನೂ ಗದ್ದಲವಿಲ್ಲದ, ಗೊಂಡೊಲದಿಂದಲೇ ತಲುಪಬಹುದಾದ ದೊಡ್ಡ ಬೆಟ್ಟವೊಂದು ಅಗಲ ಸ್ಕೀಯ ಹೊಸ ತಲೆಮಾರಿಗೆ ಸಿಕ್ಕಿತು. ಅಲ್ಲಿಯ ಹಿಮ ಬರುವುದು ಪಶ್ಚಿಮದ ಕ್ಷೋಭೆಗಳಿಂದ, ಅಂದರೆ ಮೆಡಿಟರೇನಿಯನ್ ಕಡೆಯಿಂದ ಚಳಿಗಾಲದಲ್ಲಿ ಪೂರ್ವಕ್ಕೆ ಸಾಗಿಬರುವ ಮಳೆ–ಹಿಮದ ವಾಯುಭಾರ ಕುಸಿತಗಳಿಂದ. ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ 40 ದಿನಗಳನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಅನಂತರದ 20 ದಿನ ಚಿಲ್ಲೈ ಖುರ್ದ್, ಮತ್ತಿನ 10 ದಿನ ಚಿಲ್ಲೈ ಬಚ್ಚ. ಈ 70 ದಿನಗಳಲ್ಲಿ ಹಿಮ ಒಂದೇ ಸಮನೆ ಬೀಳುತ್ತದೆಂದು ಭಾವಿಸುವುದು ತಪ್ಪು. ಒಂದು ಕ್ಷೋಭೆ ಎರಡು ಮೂರು ದಿನ ಸುರಿದು ಹೋದ ಮೇಲೆ ವಾರ, ಕೆಲವೊಮ್ಮೆ ಹಲವು ವಾರ ಬಿಸಿಲೇ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್‌ನ ಹುಲ್ಲುಗಾವಲು ಹಿಮವಿಲ್ಲದೆ ಕಂದಾಗಿಯೇ ಇತ್ತು, ಹಿಮ ಬಂದುದು ತಿಂಗಳ ಕೊನೆಗೆ. 2025ರಲ್ಲಿ ಹಿಮದ ಕೊರತೆಯಿಂದಾಗಿ ಫೆಬ್ರವರಿಯ ಚಳಿಗಾಲದ ಕ್ರೀಡಾಕೂಟವನ್ನು ಮಾರ್ಚ್‌ಗೆ ಮುಂದೂಡಬೇಕಾಯಿತು. ಆರು ತಿಂಗಳ ಮೊದಲು ಟಿಕೆಟು ಕಾದಿರಿಸಿ, ಕಚೇರಿಯಿಂದ ಒಂದು ವಾರದ ರಜೆ ಪಡೆದು ಹೊರಡುವವರಿಗೆ ಹೊಸ ಹಿಮದ ದಿನ ಸಿಕ್ಕರೂ ಸಿಕ್ಕೀತು, ಸಿಗದೆಯೂ ಹೋದೀತು.

ಇನ್ನೊಂದು ಸಂಗತಿ ಅಕ್ಷಾಂಶದ್ದು. ಯುರೋಪಿನ ಆಲ್ಪ್ಸ್ ಪರ್ವತಗಳು 46 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ, ಗುಲ್ಮಾರ್ಗ್ 34ರಲ್ಲಿದೆ. ಆದ್ದರಿಂದ ಫೆಬ್ರವರಿಯ ಬಿಸಿಲು ಇಲ್ಲಿ ಹೆಚ್ಚು ನೆಟ್ಟಗೆ ಬೀಳುತ್ತದೆ. ಗೊಂಡೊಲದ ಎದುರಿನ ಮುಖ ಈಶಾನ್ಯಕ್ಕೆ ತಿರುಗಿರುವುದರಿಂದ ಅಲ್ಲಿ ಹಿಮ ಒಣಗಿ ಹಗುರವಾಗಿಯೇ ಬಹುದಿನ ಉಳಿಯುತ್ತದೆ, ಆದರೆ ಆ ಮುಖವನ್ನು ಸೀಳುವ ಪ್ರತಿಯೊಂದು ಕಣಿವೆಗೂ ಎರಡು ಮಗ್ಗುಲುಗಳಿವೆ. ಒಂದು ಮಗ್ಗುಲು ನೆರಳಿನದು, ಮತ್ತೊಂದು ಬಿಸಿಲಿನದು. ಬಿಸಿಲಿನ ಮಗ್ಗುಲಲ್ಲಿ ಒಂದೇ ಮಧ್ಯಾಹ್ನಕ್ಕೆ ಮೇಲ್ಪದರ ತೇವಗೊಂಡು, ರಾತ್ರಿ ಹೆಪ್ಪುಗಟ್ಟಿ, ಮರುದಿನ ಬೆಳಿಗ್ಗೆ ಬೆರಳಿನಷ್ಟು ದಪ್ಪದ ತೊಗಟೆಯಾಗಿರುತ್ತದೆ. ಈ ತೊಗಟೆ ಸ್ಕೀಗಾರನ ಭಾರವನ್ನು ಅರ್ಧ ತಡೆದು ಅರ್ಧಕ್ಕೆ ಕೈಬಿಡುವಂಥದು. ತಿರುವಿನ ನಡುವೆ ಹೊರಗಾಲಿನ ಹಲಗೆ ತೊಗಟೆಯನ್ನು ಮುರಿದು ಕೆಳಕ್ಕಿಳಿದರೆ ಒಳಗಾಲಿನದು ಮೇಲೆಯೇ ಉಳಿಯುತ್ತದೆ, ಎರಡು ಕಾಲುಗಳು ಎರಡು ದಾರಿ ಹಿಡಿಯುತ್ತವೆ. ಮೊಣಕಾಲಿನ ಗಾಯಗಳಿಗೆ ಇದಕ್ಕಿಂತ ಹೇಳಿ ಮಾಡಿಸಿದ ಹಿಮವಿಲ್ಲ. ಇಲ್ಲಿ ಅಗಲ ಹಲಗೆಯಿಂದ ನಿಜವಾದ ಲಾಭವಿದೆ: ಭಾರ ಹಂಚಿಹೋಗುವುದರಿಂದ ತೊಗಟೆ ಹಲವೆಡೆ ಮುರಿಯದೆ ಉಳಿಯುತ್ತದೆ, ಮುರಿದರೂ ಬಾಗಿದ ಮೂತಿ ತೊಗಟೆಯ ಅಡಿಗೆ ಸಿಕ್ಕಿಕೊಳ್ಳದೆ ಮೇಲೆ ಬರುತ್ತದೆ. ಪುಡಿಹಿಮಕ್ಕಿಂತ ಹೆಚ್ಚಾಗಿ ಇಂಥ ಕೆಟ್ಟ ಮೆತ್ತನೆಯ ಹಿಮದಲ್ಲೇ ಅಗಲ ಸ್ಕೀ ತನ್ನ ಬೆಲೆಯನ್ನು ತೀರಿಸುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಲೆಕ್ಕ ತಿರುಗುವುದು ಗಟ್ಟಿ ಹಿಮದ ಮೇಲೆ. ಹಲಗೆಯನ್ನು ಪಕ್ಕಕ್ಕೆ ವಾಲಿಸಿ ಉಕ್ಕಿನ ಅಂಚಿನ ಮೇಲೆ ನಿಂತಾಗ ಹಿಮದ ಪ್ರತಿಬಲ ಪಾದದ ನಡುವಿಗಲ್ಲ, ಅಂಚಿಗೆ ಬೀಳುತ್ತದೆ. 66 ಮಿಲಿಮೀಟರಿನ ಸ್ಕೀಯಲ್ಲಿ ಈ ಅಂಚು ಪಾದದ ನಡುಗೆರೆಯಿಂದ 33 ಮಿಲಿಮೀಟರ್ ದೂರ, 118ರ ಸ್ಕೀಯಲ್ಲಿ 59. ಸನ್ನೆಗೋಲು ಹೆಚ್ಚುಕಡಿಮೆ ಇಮ್ಮಡಿಯಾದಾಗ ಹಲಗೆಯನ್ನು ಅಂಚಿನ ಮೇಲೆ ಹಿಡಿದಿಡಲು ಹರಡಿನ ಕೀಲು ಮತ್ತು ಮೊಣಕಾಲು ಪಡಬೇಕಾದ ಶ್ರಮವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಬೂಟಿನ ಅಟ್ಟೆಯೇ ಸುಮಾರು 70 ಮಿಲಿಮೀಟರ್ ಅಗಲವಿರುವುದರಿಂದ ಅದಕ್ಕಿಂತ ಕಿರಿದಾದ ಸ್ಕೀಯಲ್ಲಿ ಅಂಚು ಬೂಟಿನ ಅಡಿಗೇ ಬರುತ್ತದೆ, ಅಗಲದ ಸ್ಕೀಯಲ್ಲಿ ಹೊರಗೆ ಚಾಚಿಕೊಳ್ಳುತ್ತದೆ. ಸ್ಲೊವೇನಿಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ಕೀಯ ನಡು ಅಗಲವಾದಂತೆ ತಿರುವಿನಲ್ಲಿ ಮೊಣಕಾಲಿನ ಭಂಗಿಯೇ ಬದಲಾಗುತ್ತದೆಂದು ತೋರಿಸಿತು. ನುರಿತ ದೇಹ ಅಂಚನ್ನು ಅಷ್ಟಾಗಿ ಎತ್ತದೆ, ತಿರುವನ್ನು ಜಾರಿಸಿ ಇದಕ್ಕೆ ಹೊಂದಿಕೊಳ್ಳುತ್ತದೆ. ಹೊಸಬರಿಗೆ ಆ ಜಾಣ್ಮೆ ಇರುವುದಿಲ್ಲ, ದಿನದ ಕೊನೆಗೆ ಅವರ ತೊಡೆಗಳು ಮಾತು ಕೇಳುವುದಿಲ್ಲ. ಗುಲ್ಮಾರ್ಗ್‌ನಲ್ಲಿ ಇದು ಇನ್ನೂ ಮುಖ್ಯವಾಗುವುದಕ್ಕೆ ಕಾರಣ ಅಲ್ಲಿಯ ಅಡ್ಡದಾರಿಗಳು. ಗೊಂಡೊಲದ ತುದಿಯಿಂದ ಹೊಸ ಹಿಮವಿರುವ ಬಟ್ಟಲುಗಳಿಗೆ ಹೋಗಲು ಪರ್ವತದ ಹೆಗಲುದ್ದಕ್ಕೂ, ಗಾಳಿ ಕೆರೆದು ಕಲ್ಲಿನಂತೆ ಮಾಡಿದ ಹಿಮದ ಮೇಲೆ ಅಡ್ಡಲಾಗಿ ಸಾಗಬೇಕು. ಅಲ್ಲಿ ಕೆಲಸಕ್ಕೆ ಬರುವುದು ಮೇಲುಗಡೆಯ ಅಂಚು ಮಾತ್ರ, ಅಗಲವಲ್ಲ.

ಇಷ್ಟಾದರೂ ಅಗಲವೊಂದನ್ನೇ ಹಿಡಿದು ಸ್ಕೀಯನ್ನು ತೂಗುವುದು ಅಂಗಡಿಯವರ ಅನುಕೂಲಕ್ಕೆ ಸರಿ, ಹಿಮದ ಮೇಲಲ್ಲ. 106 ಮಿಲಿಮೀಟರಿನ ಎರಡು ಸ್ಕೀಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ವರ್ತಿಸಬಹುದು, ಏಕೆಂದರೆ ಅವುಗಳ ಬಾಗು ಬೇರೆ. ಸಮತಟ್ಟಾದ ನೆಲದ ಮೇಲಿಟ್ಟಾಗ ನಡುಭಾಗ ಕಮಾನಿನಂತೆ ಎದ್ದು ನಿಂತರೆ ಅದು ಕ್ಯಾಂಬರ್. ಮೇಲೆ ನಿಂತವರ ತೂಕಕ್ಕೆ ಈ ಕಮಾನು ಚಪ್ಪಟೆಯಾಗಿ, ಮೂತಿ ಬಾಲಗಳ ಬಳಿಯೂ ಅಂಚನ್ನು ಹಿಮಕ್ಕೆ ಒತ್ತುತ್ತದೆ, ಗಟ್ಟಿ ಹಿಮದ ಮೇಲಿನ ಹಿಡಿತ ಇದರಿಂದಲೇ ಬರುತ್ತದೆ. ತುದಿಗಳು ಮೊದಲೇ ಉದ್ದಕ್ಕೆ ಮೇಲೆ ಬಾಗಿದ್ದರೆ ಅದು ರಾಕರ್. ಪುಡಿಹಿಮದಲ್ಲಿ ಮೂತಿ ತಾನಾಗಿ ಮೇಲೆ ತೇಲುವಂತೆ ಮಾಡುವುದು ಇದು. ಇಡೀ ಸ್ಕೀಯೇ ರಾಕರ್ ಆಗಿದ್ದರೆ ಅದು ಸ್ಪಾಟ್ಯುಲಾದ ವಂಶ. ಬೆರಕೆ ಹಿಮಕ್ಕೆ ಬೇಕಾದುದು ಎರಡರ ಕೂಡುವಿಕೆ: ಮೂತಿಯಲ್ಲಿ ಧಾರಾಳ ರಾಕರ್, ಬಾಲದಲ್ಲಿ ಸ್ವಲ್ಪ, ಬೂಟಿನ ಅಡಿಯಲ್ಲಿ ಮಾತ್ರ ಸ್ಪಷ್ಟವಾದ ಕ್ಯಾಂಬರ್. ಅಂಗಡಿಯಲ್ಲಿ ಇದನ್ನು ಪರೀಕ್ಷಿಸಲು ಉಪಕರಣ ಬೇಡ. ಎರಡು ಹಲಗೆಗಳ ತಳಕ್ಕೆ ತಳ ಸೇರಿಸಿ ಹಿಡಿದು, ನಡುವಿನಲ್ಲಿ ಬೆಳಕು ತೂರುವ ಸಂದು ಇದೆಯೇ, ಅದನ್ನು ಕೈಯಿಂದ ಅಮುಕಿ ಮುಚ್ಚಿದಾಗ ಮೂತಿಗಳು ಎಷ್ಟು ದೂರದಿಂದ ಒಂದನ್ನೊಂದು ಅಗಲುತ್ತವೆ ಎಂದು ನೋಡಿದರೆ ಸಾಕು. ಅಗಲಿಕೆ ಮೂತಿಯ ತುದಿಯಿಂದ ಗೇಣಿಗಿಂತ ಹೆಚ್ಚಿದ್ದರೆ ಅದು ಮೆತ್ತನೆಯ ಹಿಮವನ್ನು ಗಮನದಲ್ಲಿಟ್ಟು ಮಾಡಿದ ಸ್ಕೀ. ಹಲವರು ತುಳಿದು ಬಿಟ್ಟ ಹಳೆಯ ಬಾಡಿಗೆ ಸ್ಕೀಗಳಲ್ಲಿ ಈ ಸಂದು ಮಾಯವಾಗಿಯೇ ಇರುತ್ತದೆ, ಅಂಥದನ್ನು ಮರಳಿ ಕೊಡುವುದೇ ಸರಿ.

ಬಾಗಿನ ನಂತರ ಬಿಗಿ. ಉತ್ತುಹಾಕಿದ ಹಿಮದ ಉಂಡೆಗಳಿಗೆ ಬಡಿದಾಗ ಹಗುರವೂ ಮೆತ್ತಗೂ ಇರುವ ಮೂತಿ ಅತ್ತಿತ್ತ ಚಿಮ್ಮುತ್ತದೆ; ಭಾರವಾದ, ಒಳಗೆ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತಗಡಿರುವ ಸ್ಕೀ ಅದನ್ನು ಒಡೆದು ಸಾಗುತ್ತದೆ. ಪಾಪ್ಲರ್, ಪಾಲೋನಿಯದಂಥ ಮೆದು ಮರದ ತಿರುಳು, ಗಾಜಿನ ನಾರು, ಇಂಗಾಲದ ನಾರು ಇವುಗಳ ಪ್ರಮಾಣದ ಮೇಲೆ ತೂಕ ನಿಂತಿದೆ. ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತಿ ಇಳಿಯುವವರಿಗೆಂದು ಮಾಡಿದ ತೀರಾ ಹಗುರ ಸ್ಕೀಗಳನ್ನು ಗೊಂಡೊಲದಲ್ಲಿ ಹೋಗುವವರು ಕೊಳ್ಳುವುದು ಇಂದಿನ ಒಂದು ಹುಚ್ಚು. ಬೆರಕೆ ಹಿಮದಲ್ಲಿ ತೂಕ ಶತ್ರುವಲ್ಲ.

ಇನ್ನು ಮೈತೂಕ. ವಿದೇಶಿ ಕ್ಯಾಟಲಾಗುಗಳ ಸಲಹೆ 80–90 ಕಿಲೊ ತೂಗುವ, ವರ್ಷಕ್ಕೆ ಹಲವು ವಾರ ಹಿಮದಲ್ಲಿ ಕಳೆಯುವ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡಂತಿರುತ್ತದೆ. 58 ಅಥವಾ 62 ಕಿಲೊ ತೂಗುವವರಿಗೆ ಅದೇ ತೇಲು ಕಡಿಮೆ ಅಗಲದಲ್ಲೇ ದೊರೆಯುತ್ತದೆ, ಮೇಲಾಗಿ ದೊಡ್ಡ ಹಲಗೆಯನ್ನು ಬಾಗಿಸುವಷ್ಟು ಭಾರ ಅವರಲ್ಲಿರುವುದಿಲ್ಲ. ಬಾಗದ ಸ್ಕೀ ತಿರುಗುವುದಿಲ್ಲ. ಆದ್ದರಿಂದ ಹದಗೊಳಿಸಿದ ಇಳಿಜಾರಿನಲ್ಲಿ ಎರಡೂ ಹಲಗೆಗಳನ್ನು ಸಮಾನಾಂತರವಾಗಿಟ್ಟು ತಿರುಗಿಸಲು ಕಲಿತಿರುವ, 70 ಕಿಲೊಗಿಂತ ಕಡಿಮೆಯಿರುವವರಿಗೆ ಗುಲ್ಮಾರ್ಗ್‌ನ ಒಂದೇ ಜೋಡಿಯಾಗಿ 95ರಿಂದ 102 ಮಿಲಿಮೀಟರ್, ಅದಕ್ಕೂ ಭಾರವಿರುವವರಿಗೆ 102ರಿಂದ 108 ಯೋಗ್ಯವೆನ್ನಬಹುದು. ಉದ್ದ ಹೆಚ್ಚುಕಡಿಮೆ ತಮ್ಮ ಎತ್ತರದಷ್ಟೇ ಇರಲಿ. ತುದಿಗಳು ಬಾಗಿರುವುದರಿಂದ ಹಿಮಕ್ಕೆ ತಾಗುವ ಭಾಗ ಕಡಿಮೆ, ಹಾಗಾಗಿ ಗಟ್ಟಿ ಇಳಿಜಾರಿನ ಸ್ಕೀಗಿಂತ 5ರಿಂದ 10 ಸೆಂಟಿಮೀಟರ್ ಉದ್ದವಾದುದನ್ನು ತೆಗೆದುಕೊಂಡರೆ ತೊಂದರೆಯಿಲ್ಲ. 112ರ ಮೇಲಿನವು ಎರಡನೆಯ ಜೋಡಿಯಾಗಿ ಮಾತ್ರ ಅರ್ಥಪೂರ್ಣ, ಹಿಮ ಸುರಿಯುವ ದಿನ ಬಾಡಿಗೆಗೆ ಪಡೆದು ಸಂಜೆ ಮರಳಿಸುವಂಥವು. ಇನ್ನೂ ಕಲಿಯುತ್ತಿರುವವರು, ಅಂದರೆ ಹಲಗೆಗಳನ್ನು ಬೆಣೆಯಂತೆ ಜೋಡಿಸಿ ವೇಗ ತಡೆಯುವ ಹಂತದಲ್ಲಿರುವವರು, ಈ ಇಡೀ ಚರ್ಚೆಯಿಂದ ಹೊರಗಿರುವುದು ಒಳ್ಳೆಯದು; ಅವರಿಗೆ 80ರ ಒಳಗಿನ ಸ್ಕೀ, ಗುಲ್ಮಾರ್ಗ್‌ನ ಬಟ್ಟಲಿನ ಸಣ್ಣ ಇಳಿಜಾರುಗಳು, ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಂಥ ಕಡೆ ಒಬ್ಬ ಶಿಕ್ಷಕ, ಇಷ್ಟು ಸಾಕು.

ಕೋಪರಖೈರಣೆಯಲ್ಲಿದ್ದುಕೊಂಡು ಸ್ವಂತ ಸ್ಕೀ ಕೊಳ್ಳಬೇಕೇ ಎಂಬುದು ಬೇರೆಯೇ ಪ್ರಶ್ನೆ. 105ರ ಆಸುಪಾಸಿನ ಜೋಡಿ ಬೈಂಡಿಂಗ್ ಸಹಿತ, ಅಂದರೆ ಬೂಟನ್ನು ಹಿಡಿದು ಬಿದ್ದಾಗ ಬಿಡುವ ಯಂತ್ರ ಸಹಿತ, ಆರು ಕಿಲೊದಷ್ಟು ತೂಗುತ್ತದೆ, ಬೂಟುಗಳು ಮತ್ತೆ ಮೂರೂವರೆ–ನಾಲ್ಕು ಕಿಲೊ. ದೇಶೀಯ ವಿಮಾನದ ಸಾಮಾನ್ಯ ದರ್ಜೆಯ 15 ಕಿಲೊ ಮಿತಿಯಲ್ಲಿ ಮೂರನೆಯ ಎರಡು ಪಾಲು ಅಲ್ಲಿಗೇ ಮುಗಿಯುತ್ತದೆ. ಮನೆಗೆ ಮರಳಿದ ಮೇಲೆ 180 ಸೆಂಟಿಮೀಟರಿನ ಚೀಲ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋ ಕಟ್ಟಿದ ಮನೆಗಳ ಲಾಫ್ಟಿನಲ್ಲಿ ಓರೆಯಾಗಿಟ್ಟರೂ ಹಿಡಿಸುವುದು ಕಷ್ಟ. ಅದಕ್ಕಿಂತ ದೊಡ್ಡ ವೈರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿ. ಠಾಣೆ ಖಾಡಿಯ ಉಪ್ಪು ಬೆರೆತ ತೇವಕ್ಕೆ ಸ್ಕೀಯ ಅಂಚು, ಅದು ಸ್ಟೇನ್‌ಲೆಸ್ ಅಲ್ಲದ ಇಂಗಾಲದ ಉಕ್ಕು, ಕೆಲವೇ ವಾರಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬೈಂಡಿಂಗಿನ ತಿರುಪಿನ ರಂಧ್ರಗಳ ಮೂಲಕ ಮರದ ತಿರುಳಿಗೆ ತೇವ ಇಳಿದರೆ ತಿರುಪುಗಳು ಸಡಿಲವಾಗುತ್ತವೆ. ಏಪ್ರಿಲ್‌ನಲ್ಲೇ ಸ್ಕೀಯನ್ನು ಪೂರ್ತಿ ಒಣಗಿಸಿ, ಪಾಲಿಎಥಿಲೀನಿನ ತಳಕ್ಕೂ ಅಂಚುಗಳಿಗೂ ಸೇರಿಸಿ ಮೇಣವನ್ನು ದಪ್ಪಗೆ ಕರಗಿಸಿ ಹಚ್ಚಿ, ಕೆರೆಯದೆ ಹಾಗೆಯೇ ಬಿಟ್ಟು, ಚೀಲದ ಬಾಯಿ ತೆರೆದಿಟ್ಟು ಗೋಡೆಗೆ ತಾಗದಂತೆ ನಿಲ್ಲಿಸುವುದೇ ಇದಕ್ಕಿರುವ ಮದ್ದು. ವರ್ಷಕ್ಕೆ ಒಂದೇ ವಾರ ಹಿಮಕ್ಕೆ ಹೋಗುವವರಿಗೆ ಈ ಆರೈಕೆ ದುಬಾರಿ.

ಸ್ವಂತಕ್ಕೆ ಕೊಳ್ಳಬೇಕಾದುದು ಬೂಟು. ಪಾದದ ಆಕಾರ ಒಬ್ಬೊಬ್ಬರದು ಒಂದೊಂದು, ನೂರು ಜನ ತೊಟ್ಟು ಒಳಮೆತ್ತೆ ಕುಗ್ಗಿದ ಬೂಟಿನಲ್ಲಿ ಹಿಮ್ಮಡಿ ಎದ್ದುಬಿಟ್ಟರೆ 108 ಮಿಲಿಮೀಟರಿನ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸುವುದು ಯಾರಿಗೂ ಸಾಧ್ಯವಿಲ್ಲ. ಸ್ಕೀಯನ್ನು ಗುಲ್ಮಾರ್ಗ್‌ನಲ್ಲೇ ಬಾಡಿಗೆಗೆ ಪಡೆಯುವಾಗ ಮೂರು ವಿಷಯಗಳನ್ನು ನೋಡಿಕೊಳ್ಳುವುದು ಅಗತ್ಯ. ಬೂಟಿನ ಅಟ್ಟೆಯ ಮಾದರಿಯೂ ಬೈಂಡಿಂಗಿನ ಮಾದರಿಯೂ ಒಂದಕ್ಕೊಂದು ಒಪ್ಪುವಂಥವಾಗಿರಬೇಕು, ಇಲ್ಲವಾದರೆ ಬಿದ್ದಾಗ ಬೂಟು ಬಿಡುಗಡೆಯಾಗುವುದಿಲ್ಲ. ಬಿಡುಗಡೆಯ ಬಲವನ್ನು ಸೂಚಿಸುವ ಡಿನ್ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ಸಾಮರ್ಥ್ಯ ಇವನ್ನು ಕೇಳಿ ಹೊಂದಿಸಬೇಕು, ಹಿಂದಿನವನ ಅಂಕಿಯಲ್ಲೇ ಬಿಡಬಾರದು. ಸ್ಕೀ ಕಳಚಿದಾಗ ಅದನ್ನು ತಡೆದು ನಿಲ್ಲಿಸುವ ಬ್ರೇಕಿನ ಕೈಗಳು ಹಲಗೆಯ ನಡುವಿಗಿಂತ ಸ್ವಲ್ಪ ಅಗಲವಾಗಿರಬೇಕು. ಕಿರಿದಾದ ಸ್ಕೀಯ ಬ್ರೇಕನ್ನು ಬಗ್ಗಿಸಿ ಅಗಲ ಸ್ಕೀಗೆ ಕೂರಿಸಿದ್ದರೆ ಅದು ಸಮಯಕ್ಕೆ ತೆರೆಯುವುದಿಲ್ಲ.

ಅಗಲ ಸ್ಕೀಯ ಬಗ್ಗೆ ಹೇಳದೆ ಬಿಡಬಾರದ ಇನ್ನೊಂದು ಮಾತಿದೆ. ಅದು ಆಳ ಹಿಮದಲ್ಲಿ ಇಳಿಯುವುದನ್ನು ಸುಲಭ ಮಾಡಿದ್ದರಿಂದ, ಹಿಂದೆ ವರ್ಷಗಟ್ಟಲೆ ಕಲಿತವರು ಮಾತ್ರ ತಲುಪುತ್ತಿದ್ದ ಇಳಿಜಾರುಗಳಿಗೆ ಇಂದು ಎರಡು ಚಳಿಗಾಲ ಕಲಿತವರೂ ತಲುಪುತ್ತಿದ್ದಾರೆ. ಕಾಲು ಅಲ್ಲಿಗೆ ಒಯ್ಯುತ್ತದೆ, ಹಿಮಕುಸಿತವನ್ನು ಓದುವ ಕಣ್ಣು ಇನ್ನೂ ಬಂದಿರುವುದಿಲ್ಲ. 2010ರ ಫೆಬ್ರವರಿ 8ರಂದು ಖಿಲನ್‌ಮಾರ್ಗ್‌ನಲ್ಲಿ ಮೇಲೆ ಹೇಳಿದ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನದೇ ತಂಡ ಹಿಮಕುಸಿತಕ್ಕೆ ಸಿಕ್ಕು 17 ಯೋಧರು ಸತ್ತರು, ಅವರು ಬೆಟ್ಟ ಬಲ್ಲವರೇ. 2023ರ ಫೆಬ್ರವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯದ ಒಬ್ಬರು ಸ್ಕೀ ಮಾಡುತ್ತಲೇ ಹಿಮದಡಿ ಜೀವ ಕಳೆದುಕೊಂಡರು. ಗೊಂಡೊಲದ ಎದುರಿನ ಮುಖ್ಯ ಬಟ್ಟಲನ್ನು ಗುಲ್ಮಾರ್ಗ್‌ನ ಸ್ಕೀ ಗಸ್ತು ತಂಡ ಪರಿಶೀಲಿಸಿ, ಬೇಕಾದಾಗ ಸ್ಫೋಟಕಗಳಿಂದ ಸಡಿಲ ಹಿಮವನ್ನು ಉರುಳಿಸಿ ತೆರೆಯುತ್ತದೆ. ಅದರ ಆಚೆಗಿನ ಕಣಿವೆಗಳಿಗೆ ಯಾರ ಕಾವಲೂ ಇಲ್ಲ. ಆ ಕಡೆಗೆ ಹೋಗುವ ಪ್ರತಿಯೊಬ್ಬರ ಎದೆಯ ಮೇಲೂ 457 ಕಿಲೊಹರ್ಟ್ಸ್ ತರಂಗದಲ್ಲಿ ಸಂಕೇತ ಕಳಿಸುವ ಬೀಕನ್, ಬೆನ್ನುಚೀಲದಲ್ಲಿ ಹಿಮದಡಿ ಚುಚ್ಚಿ ಹುಡುಕುವ ಮಡಚು ಕೋಲು ಮತ್ತು ಸಲಿಕೆ, ಜೊತೆಯಲ್ಲಿ ಇವನ್ನು ಬಳಸಲು ಬಲ್ಲ ಒಬ್ಬ ಸಂಗಾತಿ ಮತ್ತು ಸ್ಥಳೀಯ ಗೈಡ್ ಇರಲೇಬೇಕು. ಕೈಯಲ್ಲಿರುವ ಹಣ ಅಗಲ ಸ್ಕೀಗೆ ಸಾಲುತ್ತದೆ, ಇವಕ್ಕೆ ಸಾಲದು ಎಂದಾದರೆ ಮೊದಲು ಬೀಕನ್, ಕೋಲು, ಸಲಿಕೆಗಳನ್ನು ಕೊಳ್ಳಿ, ಗೈಡ್‌ನ ದಿನಗೂಲಿಯನ್ನು ತೆಗೆದಿಡಿ. ಸ್ಕೀ ಬಾಡಿಗೆಗೆ ಸಿಗುತ್ತದೆ.